ಕಡಲ ಕೊರೆತ: ಕಲ್ಲಿನ ಗೋಡೆ ಕಟ್ಟಬೇಕಾ, ಜಾಗ ಬಿಡಬೇಕಾ?

ಓದುಗರ ಪ್ರಶ್ನೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವಳು. ಬೆಂಗಳೂರಿನಲ್ಲಿ ನಗರ ವಿನ್ಯಾಸದಲ್ಲಿ ಎಂ.ಆರ್ಕ್. ಓದುತ್ತಿದ್ದೇನೆ. ಈ ಸಲ ನಮ್ಮ ಸ್ಟುಡಿಯೋ ವಿಷಯ ಹವಾಮಾನ ಬದಲಾವಣೆ ಮತ್ತು ಕರಾವಳಿಯ ಊರುಗಳು. ಉಪ್ಪಳ–ಶಿರಿಯಾ ಕಡೆಯ ಕಡಲ ತೀರವನ್ನು ನಾನೇ ಸೂಚಿಸಿದೆ. ಅಜ್ಜಿಮನೆ ಅಲ್ಲೇ ಹತ್ತಿರ. ಆದರೆ ಮಳೆಗಾಲದಲ್ಲಿ ಮಾಡಿದ ಮೊದಲ ಭೇಟಿಯಲ್ಲೇ ಗೊಂದಲವಾಯಿತು. ತಂಡದವರು ಇಂಟರ್ನೆಟ್‌ನಿಂದ ತೆಗೆದ ಒಂದು ನಕ್ಷೆ ತಂದಿದ್ದರು. ಅದರಲ್ಲಿ 2050ಕ್ಕೆ ರೈಲು ಹಳಿಯವರೆಗೂ ಕೆಂಪು ಬಣ್ಣ. ಅದನ್ನು ನೋಡಿದ ಒಬ್ಬ ಅಕ್ಕ, ‘ಹಾಗಾದರೆ ಮನೆ ರಿಪೇರಿಗೆ ಸಾಲ ಮಾಡಬೇಕಾ, ಬೇಡವಾ?’ ಎಂದು ಕೇಳಿದರು. ನಮಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮೀನುಗಾರರು ಹೇಳುವುದೇ ಬೇರೆ: ‘ಎಂಥ ಹವಾಮಾನ ಮಾರಾಯ್ರೆ, ಬಂದರಿಗೆ ಕಲ್ಲು ಹಾಕಿದ ಮೇಲೆ ಕೊರೆತ ಜಾಸ್ತಿ ಆದದ್ದು. ನಮಗೊಂದು ಗೋಡೆ ಮಾಡಿಸಿ ಕೊಡಿ.’ ನಮ್ಮ ಪ್ರೊಫೆಸರ್, ಜನರನ್ನು ತೀರದಿಂದ ಒಳಗೆ ಸ್ಥಳಾಂತರ ಮಾಡುವ ಯೋಜನೆ ತನ್ನಿ ಎನ್ನುತ್ತಾರೆ. ಅಜ್ಜಿ ಮಾತ್ರ, ‘ಕಡಲು ಬರುತ್ತದೆ, ಹೋಗುತ್ತದೆ, ನೀವು ಸುಮ್ನೆ ಹೆದರಿಸಬೇಡಿ’ ಎಂದು ಬಯ್ದರು. ಇವರಲ್ಲಿ ಯಾರು ಸರಿ? ಡಿಸೆಂಬರಿನಲ್ಲಿ ಜ್ಯೂರಿ (ನಮ್ಮ ಕೆಲಸವನ್ನು ಪರೀಕ್ಷಕರ ಮುಂದಿಡುವುದು) ಇದೆ. ಅದಕ್ಕೆ ಮೊದಲು ಊರಿಗೆ ಬರಲು ಒಂದು ವಾರ ಸಿಗುತ್ತದೆ, ಅಷ್ಟೇ. ನಾವು ಏನು ನೋಡಬೇಕು, ಏನು ಬರೆದುಕೊಡಬೇಕು?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಒಂದು, ಅಲ್ಲಿ ನಿಜವಾಗಿ ಏನಾಗುತ್ತಿದೆ ಎಂಬುದು. ಇನ್ನೊಂದು, ನೀವು ಹಿಡಿದುಕೊಂಡು ಹೋದ ಕಾಗದದಿಂದ ಒಂದು ಮನೆಯ ಲೆಕ್ಕಾಚಾರವೇ ಅಲುಗಾಡಿತಲ್ಲ ಎಂಬುದು. ಈ ತೀರದಲ್ಲಿ ಬಹಳ ಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಎರಡನೆಯದನ್ನು ನೀವು ಗಮನಿಸಿದ್ದೇ ದೊಡ್ಡದು. ಎಷ್ಟೋ ತಂಡಗಳು ಬಂದು ಫೋಟೋ ತೆಗೆದು ಹೋಗುತ್ತವೆ. ಆ ಅಕ್ಕನ ಪ್ರಶ್ನೆ ಅವರ ಕಿವಿಗೆ ಬೀಳುವುದೇ ಇಲ್ಲ.

ಮೊದಲು ಆ ಕೆಂಪು ನಕ್ಷೆಯ ವಿಷಯ. ಅಂಥ ನಕ್ಷೆಗಳನ್ನು ಮಾಡುವ ಕ್ರಮ ಸರಳ. ಉಪಗ್ರಹ ಅಥವಾ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ನೆಲದ ಎತ್ತರ ತೆಗೆದುಕೊಳ್ಳುತ್ತಾರೆ. ಇಂತಿಷ್ಟು ನೀರಿನ ಮಟ್ಟ ಎಂದು ಹಿಡಿಯುತ್ತಾರೆ. ಅದಕ್ಕಿಂತ ಕೆಳಗಿರುವ ಜಾಗಕ್ಕೆಲ್ಲ ಬಣ್ಣ ಬಳಿಯುತ್ತಾರೆ. ನೀರು ಅಲ್ಲಿಗೆ ಯಾವ ದಾರಿಯಲ್ಲಿ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ. ಅವುಗಳಲ್ಲಿ ಹಲವು ನಕ್ಷೆಗಳ ಅರ್ಥ ‘ಮುಳುಗಿಹೋಗುತ್ತದೆ’ ಎಂದೂ ಅಲ್ಲ, ‘ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕಿಂತ ಕೆಳಗಿದೆ’ ಎಂದು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಒಮ್ಮೆ ಓದಿ ನೋಡಿ. ಇನ್ನೊಂದು ತೊಂದರೆ ನಮ್ಮ ಊರಿನ ಮಟ್ಟಿಗೆ ತುಂಬ ಮುಖ್ಯ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರದ ದತ್ತಾಂಶವನ್ನು ಇವತ್ತಿಗೂ ಹಲವರು ಬಳಸುತ್ತಾರೆ. ಆ ರಾಡಾರ್ ಮರಗಳಿರುವಲ್ಲಿ ನೆಲವನ್ನು ಸರಿಯಾಗಿ ಕಾಣುವುದಿಲ್ಲ. ತೆಂಗಿನ ತೋಟವೇ ಇರುವ ತೀರದಲ್ಲಿ ಅದು ಅಳೆದದ್ದರಲ್ಲಿ ತೆಂಗಿನ ತಲೆಯೂ ಸೇರಿರುತ್ತದೆ. ಆಮೇಲೆ ತಿದ್ದಿದ ಆವೃತ್ತಿಗಳು ಬಂದಿವೆ, ಅವು ಎಷ್ಟೋ ಮೇಲು. ಆದರೂ ಒಂದು ಗೇಣು, ಅರ್ಧ ಗೇಣಿನ ವ್ಯತ್ಯಾಸವನ್ನು ಒಂದು ಮನೆಯ ಮಟ್ಟದಲ್ಲಿ ಹೇಳುವ ಶಕ್ತಿ ಅವಕ್ಕಿಲ್ಲ. ಜಿಲ್ಲೆಗಳನ್ನು ಹೋಲಿಸಲು ಆ ನಕ್ಷೆ ಆಗಬಹುದು. ಆ ಅಕ್ಕನ ಮನೆಯ ಭವಿಷ್ಯ ಹೇಳಲು ಆಗದು.

ಹಾಗಾದರೆ ಸಮುದ್ರ ಏರುತ್ತಿಲ್ಲವಾ? ಖಂಡಿತ ಏರುತ್ತಿದೆ. 1901ರಿಂದ 2018ರೊಳಗೆ ಪ್ರಪಂಚದ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಏರುವ ವೇಗವೂ ಜಾಸ್ತಿಯಾಗಿದೆ. ನಮ್ಮ ಉತ್ತರ ಹಿಂದೂ ಮಹಾಸಾಗರದಲ್ಲಿ 1993ರ ಈಚೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್. ಇದೇ ವೇಗ ಹಿಡಿದರೆ 25 ವರ್ಷಕ್ಕೆ 8 ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಿನಷ್ಟು. ವೇಗ ಹೆಚ್ಚುತ್ತಿರುವುದರಿಂದ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಆದೀತು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಅಂದಾಜಿನಂತೆ, ಹೊಗೆ ಉಗುಳುವುದು ಮಧ್ಯಮ ಮಟ್ಟದಲ್ಲಿದ್ದರೆ ಶತಮಾನದ ಕೊನೆಗೆ ನಮ್ಮ ಕಡಲು ಸುಮಾರು 30 ಸೆಂಟಿಮೀಟರ್ ಮೇಲೆ ಇರುತ್ತದೆ. ನಾಲ್ಕು ಬೆರಳು ಎಂದು ಹಗುರವಾಗಿ ತೆಗೆದುಕೊಳ್ಳಬಾರದು. ಇನ್ನು ಮುಂದೆ ಪ್ರತಿ ಉಬ್ಬರ, ಪ್ರತಿ ಬಿರುಗಾಳಿಯ ಅಲೆ ಆ ಎತ್ತರದಿಂದಲೇ ಶುರುವಾಗುತ್ತದೆ. ಆದರೆ ನಿಮ್ಮ ನಕ್ಷೆಯ ಕೆಂಪಿಗೂ ಈ ನಾಲ್ಕು ಬೆರಳಿಗೂ ಮಧ್ಯೆ ಬಹಳ ಅಂತರವಿದೆ. ಜನರ ಮುಂದೆ ಮಾತಾಡುವಾಗ ಅದನ್ನು ಹೇಳಲೇಬೇಕು.

ಈಗ ಮೀನುಗಾರರ ಮಾತು. ಅವರು ಹೇಳುವುದರಲ್ಲಿ ನನಗೆ ಬಹಳ ಗೌರವವಿದೆ. ಅದರ ಹಿಂದೆ ಗಟ್ಟಿಯಾದ ವಿಜ್ಞಾನವೂ ಇದೆ. ತೀರದ ಹೊಯ್ಗೆ, ಅಂದರೆ ಮರಳು, ಒಂದು ಕಡೆ ನಿಲ್ಲುವುದಿಲ್ಲ. ಅಲೆ ಓರೆಯಾಗಿ ಬಡಿದಾಗ ಅದು ತೀರದ ಉದ್ದಕ್ಕೂ ಸಾಗುತ್ತದೆ, ಮಳೆಗಾಲದಲ್ಲಿ ಒಂದು ದಿಕ್ಕಿಗೆ, ಉಳಿದ ಕಾಲದಲ್ಲಿ ಇನ್ನೊಂದು ದಿಕ್ಕಿಗೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಉದ್ದಕ್ಕೆ ಕಲ್ಲು ಹಾಕಿದರೆ ಆ ಸಾಗಾಟ ನಿಲ್ಲುತ್ತದೆ. ತೋಡಿಗೆ ಮೇಲಿನ ಗದ್ದೆಯವನು ಕಟ್ಟ ಹಾಕಿದರೆ ಕೆಳಗಿನವನ ಗದ್ದೆ ಒಣಗುತ್ತದಲ್ಲ, ಹಾಗೆ. ಒಂದು ಪಕ್ಕದಲ್ಲಿ ಹೊಯ್ಗೆ ರಾಶಿ ಬೀಳುತ್ತದೆ, ಇನ್ನೊಂದು ಪಕ್ಕಕ್ಕೆ ಹೊಯ್ಗೆಯೇ ಬರುವುದಿಲ್ಲ. ಮಂಜೇಶ್ವರ ಮೀನುಗಾರಿಕಾ ಬಂದರಿನ ಕಲ್ಲಿನ ದಿಬ್ಬಗಳ ಎರಡೂ ಪಕ್ಕಕ್ಕೆ ಹೋಗಿ ನಿಂತು ನೋಡಿ. ಯಾವ ಕಡೆ ತೀರ ಅಗಲವಾಗಿದೆ, ಯಾವ ಕಡೆ ತೆಂಗಿನ ಬೇರು ಹೊರಗೆ ಬಂದಿದೆ ಎಂಬುದನ್ನು ಕಣ್ಣೇ ಹೇಳುತ್ತದೆ. ಅದನ್ನು ಬಂದರು ಆಗುವ ಮೊದಲಿನ ಉಪಗ್ರಹ ಚಿತ್ರಗಳ ಜೊತೆ ಹೋಲಿಸಿ. ಆಮೇಲೆ ತೀರ್ಮಾನಕ್ಕೆ ಬನ್ನಿ.

ಇನ್ನೊಂದು ಸಾಕ್ಷಿ ಸರಕಾರದ ಅಂಕಿ-ಅಂಶದಲ್ಲೇ ಇದೆ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ತೀರರೇಖೆಯನ್ನು ಅಳೆದಿದೆ. ಕೇರಳದ ತೀರದಲ್ಲಿ ಶೇ. 46ರಷ್ಟು ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಅದು ಶೇ. 24ರ ಆಸುಪಾಸು. ಕಡಲು ಒಂದೇ, ಏರುವ ನೀರೂ ಹೆಚ್ಚುಕಡಿಮೆ ಒಂದೇ. ಹವಾಮಾನವೊಂದೇ ಕಾರಣವಾಗಿದ್ದರೆ ಎರಡು ರಾಜ್ಯಗಳ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಇಷ್ಟು ವ್ಯತ್ಯಾಸ ಯಾಕೆ? ನೆಲದ ಗುಣ, ಹೊಳೆಗಳು ತರುವ ಹೊಯ್ಗೆ, ಬಂದರು, ಕಲ್ಲಿನ ಗೋಡೆ, ಹೊಳೆಯಿಂದ ತೆಗೆದ ಮರಳು, ಇವೆಲ್ಲ ಸೇರಿದ ಲೆಕ್ಕ ಅದು. ಕಾಸರಗೋಡು ಜಿಲ್ಲೆಯೊಂದರಲ್ಲೇ 12 ಹೊಳೆಗಳಿವೆ. ತೀರಕ್ಕೆ ಹೊಯ್ಗೆ ಕೊಡುವವು ಅವೇ. ಹೊಳೆಯಲ್ಲಿ ಅಗೆದು ಲಾರಿಗೆ ತುಂಬಿದ ಮರಳು ಕಡಲಿಗೆ ಬರುವುದಿಲ್ಲ.

ಹಾಗೆಂದು ‘ಹವಾಮಾನವೂ ಇಲ್ಲ ಎಂಥದ್ದೂ ಇಲ್ಲ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅರಬ್ಬಿ ಸಮುದ್ರ ಬಿಸಿಯಾಗಿದೆ. 2001–2019ರ ಅವಧಿಯಲ್ಲಿ ಅದರ ಹಿಂದಿನ ಎರಡು ದಶಕಕ್ಕೆ ಹೋಲಿಸಿದರೆ ಅಲ್ಲಿ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿದೆ ಎಂದು ನಮ್ಮ ದೇಶದ ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರೆ. 2021ರ ಮೇ ತಿಂಗಳ ತೌಕ್ತೆ ನೆನಪಿರಬಹುದು. ಅದು ಇಲ್ಲಿ ದಡಕ್ಕೆ ಅಪ್ಪಳಿಸಲೇ ಇಲ್ಲ, ದೂರದಲ್ಲಿ ಹಾದು ಗುಜರಾತಿಗೆ ಹೋಯಿತು. ಆದರೂ ಕಾಸರಗೋಡಿನ ತೀರದಲ್ಲಿ ಎರಡು ಮಾಳಿಗೆಯ ಮನೆಯೊಂದು ಬುಡ ಕಿತ್ತುಬಂದಂತೆ ಕುಸಿದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ಇದರ ಜೊತೆಗೆ ಮಲಯಾಳದಲ್ಲಿ ಕಳ್ಳಕ್ಕಡಲ್ ಎನ್ನುವ ಅಲೆಗಳು. ದಕ್ಷಿಣ ಮಹಾಸಾಗರದಲ್ಲಿ ಬಿರುಗಾಳಿ ಎದ್ದು, ಆ ಅಲೆಗಳು ದಿನಗಟ್ಟಲೆ ಸಾಗಿ, ಗಾಳಿಯೂ ಇಲ್ಲದ, ಮಳೆಯೂ ಇಲ್ಲದ ಏಪ್ರಿಲ್–ಮೇಯ ಹೊತ್ತಿಗೆ ನಮ್ಮ ದಡಕ್ಕೆ ನುಗ್ಗುತ್ತವೆ. ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಕೊಡುವ ಕೇಂದ್ರ ಸರಕಾರದ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ. ಕೊರೆತ ಎಲ್ಲಿ ಬೀಳುತ್ತದೆ ಎನ್ನುವುದನ್ನು ಹೆಚ್ಚಾಗಿ ಹೊಯ್ಗೆಯ ಲೆಕ್ಕ ತೀರ್ಮಾನಿಸುತ್ತದೆ. ಎಷ್ಟು ಸಲ, ಎಷ್ಟು ಜೋರಾಗಿ ಎನ್ನುವುದರಲ್ಲಿ ಹವಾಮಾನದ ಪಾಲು ಬೆಳೆಯುತ್ತಿದೆ. ನಿಮ್ಮ ವರದಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಬರೆಯಿರಿ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಹೊಯ್ಗೆ ತಡೆದವರನ್ನು ಯಾರೂ ಕೇಳುವುದಿಲ್ಲ. ಅದು ಆ ಜನರಿಗೆ ಮಾಡುವ ಅನ್ಯಾಯ.

ನಿಮ್ಮ ಅಜ್ಜಿಯ ಮಾತಿನಲ್ಲೂ ಅರ್ಧ ಸತ್ಯವಿದೆ. ಮಳೆಗಾಲದ ಅಲೆ ದಡದ ಹೊಯ್ಗೆಯನ್ನು ಕಿತ್ತು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಇಡುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನು ವಾಪಸ್ ತರುತ್ತವೆ. ನವೆಂಬರಿನಲ್ಲಿ ಬಂದರೆ ನಿಮಗೆ ಮಳೆಗಾಲದಲ್ಲಿ ಕಂಡ ತೀರಕ್ಕಿಂತ ಅಗಲವಾದ ತೀರ ಕಾಣಬಹುದು. ಅದನ್ನು ನೋಡಿ ‘ಕೊರೆತ ನಿಂತಿದೆ’ ಎಂದು ಬರೆಯಬೇಡಿ. ಒಂದು ವರ್ಷದ ಫೆಬ್ರವರಿಯನ್ನು ಇನ್ನೊಂದು ವರ್ಷದ ಫೆಬ್ರವರಿ ಜೊತೆ ಮಾತ್ರ ಹೋಲಿಸಬೇಕು. ಹೋದದ್ದು ಪೂರ್ತಿ ವಾಪಸ್ ಬರುತ್ತಿದೆಯಾ ಎಂಬುದು ಪ್ರಶ್ನೆ.

ಅದಕ್ಕೆ ಉತ್ತರ ಹೇಳುವ ವಸ್ತು ತೀರದಲ್ಲೇ ನಿಂತಿರುತ್ತದೆ, ಹಳೆಯ ಬಾವಿ. ಕೊರೆತ ಇರುವಲ್ಲಿ ನಡೆಯುತ್ತ ಹೋದರೆ ಹೊಯ್ಗೆಯ ಮಧ್ಯೆ ಸಿಮೆಂಟ್ ರಿಂಗೋ ಕೆಂಪುಕಲ್ಲಿನ ಕಟ್ಟೆಯೋ ಒಂಟಿಯಾಗಿ ಎದ್ದು ನಿಂತಿರುವುದು ಕಾಣುತ್ತದೆ. ಒಂದು ಕಾಲದಲ್ಲಿ ಅದು ಯಾರದೋ ಅಂಗಳದ ಬಾವಿ. ಸುತ್ತಲಿನ ನೆಲ ಹೋಗಿದೆ, ರಿಂಗು ಉಳಿದಿದೆ. ಮೊದಲಿನ ನೆಲದ ಮಟ್ಟ ಎಲ್ಲಿತ್ತು ಎಂಬ ಗುರುತು ಅದರ ಮೈಮೇಲೇ ಇರುತ್ತದೆ. ಕೆಳಭಾಗ ಒರಟು, ಮೇಲೆ ಸುಣ್ಣವೋ ಸಿಮೆಂಟೋ ಬಳಿದದ್ದು. ಎರಡರ ಮಧ್ಯದ ಗೆರೆಯಿಂದ ಇವತ್ತಿನ ಹೊಯ್ಗೆಯವರೆಗೆ ಟೇಪು ಹಿಡಿಯಿರಿ. ಎಷ್ಟು ನೆಲ ಕೆಳಗಿಳಿದಿದೆ ಎಂಬುದು ಸಿಕ್ಕಿತು. ಪಕ್ಕದ ಮನೆಯ ಹಿರಿಯರನ್ನು ‘ಈ ಬಾವಿಯಿಂದ ನೀರು ಸೇದಿದ್ದು ಕೊನೆಯದಾಗಿ ಯಾವಾಗ?’ ಎಂದು ಕೇಳಿ. ಇಸವಿ ಹೇಳದಿದ್ದರೂ ಯಾರ ಮದುವೆ, ಯಾವ ಮಗು ಹುಟ್ಟಿದ ವರ್ಷ ಎಂದು ಹೇಳುತ್ತಾರೆ. ಅಂಥ ನಾಲ್ಕೈದು ಬಾವಿಗಳ ಕತೆ ಸೇರಿದರೆ ನಿಮ್ಮ ಬಳಿ ಯಾವ ಉಪಗ್ರಹಕ್ಕೂ ಸಿಗದ ಮಾಹಿತಿ ಇರುತ್ತದೆ. ವಿಲೇಜ್ ಆಫೀಸಿನ ಸರ್ವೇ ನಕ್ಷೆಯನ್ನೂ ಕೇಳಿ ನೋಡಿ. ದಾಖಲೆಯಲ್ಲಿ ತೋಟವಾಗಿರುವ ಜಾಗ ಇವತ್ತು ನೀರಿನಲ್ಲಿರುವುದು ಈ ತೀರದಲ್ಲಿ ಹೊಸತಲ್ಲ.

ಇನ್ನು ನಿಮ್ಮ ಪತ್ರದಲ್ಲಿ ಇಲ್ಲದ ವಿಷಯ. ಎಲ್ಲರ ಕಣ್ಣೂ ಮುಂದಿನ ಅಲೆಯ ಮೇಲಿದೆ. ಆದರೆ ಈ ಊರುಗಳಿಗೆ ನೀರು ಹಿಂದಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ.

ನಮ್ಮ ತೀರದ ನೆಲ ಕಡಲಿನಿಂದ ಒಳಗೆ ಹೋದಂತೆ ಏರುತ್ತಲೇ ಹೋಗುವುದಿಲ್ಲ. ಮೊದಲು ದಡ, ಆಮೇಲೆ ತೆಂಗು ಮತ್ತು ಮನೆಗಳಿರುವ ಹೊಯ್ಗೆಯ ದಿಬ್ಬ, ಅದರ ಹಿಂದೆ ತಗ್ಗಿನ ಬಯಲು, ತೋಡು, ಹೊಳೆಯ ಕವಲು. ಅದೂ ದಾಟಿದ ಮೇಲೆ ಕೆಂಪುಕಲ್ಲಿನ ಗುಡ್ಡದ ಬುಡ. ಎಷ್ಟೋ ಕಡೆ ಕಡಲ ಪಕ್ಕದ ಮನೆಗಿಂತ ಹಿಂದಿನ ಮನೆಯೇ ತಗ್ಗಿನಲ್ಲಿದೆ. ಆ ತಗ್ಗಿಗೂ ಗುಡ್ಡಕ್ಕೂ ಮಧ್ಯೆ ರೈಲು ಹಳಿಯ ದಿಬ್ಬ ಇದೆ, ಈಗ ತಲಪಾಡಿ–ಚೆಂಗಳ ನಡುವೆ ಆರು ಪಥದ ಹೆದ್ದಾರಿ ಬಂದಿದೆ. ಗುಡ್ಡದ ಮಳೆನೀರು ಈ ದಿಬ್ಬಗಳನ್ನು ದಾಟಲು ಕೆಲವೇ ಮೋರಿಗಳಿವೆ. ಉಬ್ಬರದ ಹೊತ್ತಿಗೆ ಅಳಿವೆಯಲ್ಲಿ ನೀರು ಏರಿದ್ದರೆ ತೋಡಿನ ನೀರು ಕಡಲಿಗೆ ಹೋಗುವುದಿಲ್ಲ, ಮನೆಯಂಗಳದಲ್ಲೇ ನಿಲ್ಲುತ್ತದೆ. ಕಡಲು ನಾಲ್ಕು ಬೆರಳು ಏರಿದರೆ ಈ ತೊಂದರೆ ಮೊದಲು ಕಾಣುವುದು ಇಲ್ಲೇ. ಕೇರಳ ಸರಕಾರ ಪೂವಾರಿನಿಂದ ನಮ್ಮ ಕುಂಜತ್ತೂರಿನವರೆಗೆ ತೀರದ ಹೆದ್ದಾರಿಯನ್ನೂ ಯೋಜಿಸಿದೆ. ಅದು ಇನ್ನೊಂದು ದಿಬ್ಬವಾಗಬಾರದು ಎಂದು ಚಿತ್ರ ಬರೆದು ತೋರಿಸಬಲ್ಲವರು ನಗರ ವಿನ್ಯಾಸದವರೇ.

ಕೆಳಗಿನ ನೀರಿನ ವಿಷಯ ಇನ್ನೂ ಸೂಕ್ಷ್ಮ. ಹೊಯ್ಗೆಯ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಬಾವಿಯ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಪಂಪು ಹಾಕಿ ಮೇಲಿನ ಅರ್ಧ ಅಡಿ ಎಳೆದರೆ ಕೆಳಗಿನಿಂದ 20 ಅಡಿಯಷ್ಟು ಉಪ್ಪು ಮೇಲೇರಬಹುದು. ಹಾಗಾಗಿ ಉಪ್ಪಾದ ಬಾವಿಗೆಲ್ಲ ಸಮುದ್ರ ಏರಿದ್ದೇ ಕಾರಣ ಎನ್ನಬೇಡಿ, ಪಕ್ಕದಲ್ಲಿ ಹೊಸ ಪಂಪು ಬಂದಿದೆಯಾ ಎಂದು ನೋಡಿ. ಹೊಳೆಯ ದಾರಿಯಲ್ಲೂ ಉಪ್ಪು ಒಳಗೆ ನುಗ್ಗುತ್ತದೆ. ಚಂದ್ರಗಿರಿಯಲ್ಲಿ ಬೇಸಿಗೆಯ ಉಪ್ಪುನೀರು ಬಾವಿಕ್ಕರೆಯವರೆಗೂ ಏರಿ ಕಾಸರಗೋಡು ಪೇಟೆಯವರು ನಲ್ಲಿಯಲ್ಲಿ ಉಪ್ಪುನೀರು ಕುಡಿದದ್ದು ಗೊತ್ತಿರುವ ಸಂಗತಿ. ಅಲ್ಲಿ ಕಟ್ಟ ಆದದ್ದೇ ಅದಕ್ಕಾಗಿ. ಇನ್ನು ಶೌಚದ ಗುಂಡಿಗಳು. ನೆಲದ ನೀರು ಮೇಲೆ ಬಂದರೆ ಅವು ಇಂಗುವುದಿಲ್ಲ. ಗುಂಡಿಯೂ ಬಾವಿಯೂ ಐದು ಸೆಂಟ್ಸ್ ಜಾಗದಲ್ಲೇ ಇರುವಾಗ ಇದು ಕೊರೆತಕ್ಕಿಂತ ಮೊದಲೇ ಮನೆಯವರ ಆರೋಗ್ಯಕ್ಕೆ ತಟ್ಟುತ್ತದೆ.

ಈಗ ಪರಿಹಾರಗಳಿಗೆ ಬರೋಣ.

ಜನ ಕೇಳುವ ಕಲ್ಲಿನ ಗೋಡೆ ಮನೆಯನ್ನು ಉಳಿಸುತ್ತದೆ, ನಿಜ. ಮನೆ ಬೀಳುವ ಹಂತದಲ್ಲಿರುವಾಗ ಅದನ್ನು ಬೇಡ ಎನ್ನುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಆದರೆ ಅದು ತೀರವನ್ನು ಉಳಿಸುವುದಿಲ್ಲ. ಗೋಡೆಗೆ ಬಡಿದ ಅಲೆ ಹಿಂದಕ್ಕೆ ಹೋಗುವಾಗ ಬುಡದ ಹೊಯ್ಗೆಯನ್ನು ಕಿತ್ತುಕೊಂಡು ಹೋಗುತ್ತದೆ. ಕಲ್ಲು ಇಳಿಯುತ್ತದೆ, ಮತ್ತೆ ಕಲ್ಲು ಹಾಕಬೇಕು. ದೋಣಿ ಎಳೆಯಲು, ಕೈರಂಪಣಿ ಬಲೆ ಬಿಡಲು, ಮೀನು ಒಣಗಿಸಲು ಜಾಗ ಉಳಿಯುವುದಿಲ್ಲ. ಗೋಡೆ ಮುಗಿದ ಕೊನೆಯಲ್ಲಿ ಪಕ್ಕದ ಊರಿಗೆ ಕೊರೆತ ಜೋರಾಗುತ್ತದೆ. ಉಳ್ಳಾಲದ ತೀರ ಉಳಿಸಲು ಸಮುದ್ರದೊಳಗೆ ಕೃತಕ ದಿಬ್ಬ, ದಡದಲ್ಲಿ ಕಲ್ಲಿನ ರಚನೆ ಎಲ್ಲ ಮಾಡಿದರು. ಅದರ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲದ ಜನ ಈಗ ತಮ್ಮ ಕಡೆ ಕೊರೆತ ಹೆಚ್ಚಾಯಿತು ಎನ್ನುತ್ತಾರೆ. ನಿಮ್ಮ ಜಾಗದಿಂದ ಅದು ದೂರವಿಲ್ಲ, ಒಂದು ದಿನ ಹೋಗಿ ನೋಡಿ ಬನ್ನಿ. ಎರ್ನಾಕುಳಂ ಜಿಲ್ಲೆಯ ಚೆಲ್ಲಾನಂನಲ್ಲಿ ಟೆಟ್ರಾಪಾಡ್ (ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ) ಗೋಡೆ ಒಳ್ಳೆಯ ಫಲ ಕೊಟ್ಟಿದೆ. ಸುಮಾರು 7 ಕಿಲೋಮೀಟರಿಗೆ 344 ಕೋಟಿ ರೂಪಾಯಿಯ ಯೋಜನೆ ಅದು. ಅಷ್ಟು ಹಣ ಎಲ್ಲ ಊರಿಗೂ ಬರುತ್ತದೆ ಎಂದುಕೊಂಡು ಚಿತ್ರ ಬರೆಯಬೇಡಿ. ಜಿಯೋಟ್ಯೂಬ್ (ಮರಳು ತುಂಬಿದ ದೊಡ್ಡ ಬಟ್ಟೆಯ ಕೊಳವೆ), ಮರಳಚೀಲ ಎಲ್ಲ ತಾತ್ಕಾಲಿಕ, ಬಿಸಿಲಿಗೆ ಹರಿದುಹೋಗುತ್ತವೆ.

ನನ್ನ ಅನುಭವದಲ್ಲಿ ಯಾರೂ ಗಟ್ಟಿಯಾಗಿ ಕೇಳದ ಪರಿಹಾರ ಒಂದಿದೆ. ಬಂದರಿನಲ್ಲಿ ಹೂಳೆತ್ತಿದ ಹೊಯ್ಗೆಯನ್ನು ಮಾರದೆ, ಹೊಯ್ಗೆ ಸಿಗದ ಪಕ್ಕದ ತೀರಕ್ಕೆ ಹಾಕುವುದು. ತಡೆದದ್ದನ್ನು ದಾಟಿಸಿ ಕೊಡುವುದು, ಅಷ್ಟೇ. ಇದರಲ್ಲೂ ಅಪಾಯ ಇದೆ. ಹೂಳಿನಲ್ಲಿ ಕೆಸರು ಜಾಸ್ತಿ ಇದ್ದರೆ ತೀರಕ್ಕೆ ಪ್ರಯೋಜನವಿಲ್ಲ, ಮೀನಿಗೂ ತೊಂದರೆ. ಪ್ರತಿ ವರ್ಷ ಮಾಡಬೇಕು. ಒಂದು ವರ್ಷ ಬಿಟ್ಟರೂ ಆಯಿತು, ಹೋಯಿತು. ಆದರೂ ಮೀನುಗಾರರ ದೂರಿಗೆ ನೇರ ಉತ್ತರ ಕೊಡುವುದು ಇದೊಂದೇ. ಬಂದರೂ ಅವರಿಗೆ ಬೇಕು, ತೀರವೂ ಬೇಕಲ್ಲ.

ಗಿಡ ನೆಡುವ ಮಾತು ನಿಮ್ಮ ತಂಡದಲ್ಲಿ ಬಂದೇ ಬರುತ್ತದೆ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ನಾನು ಪದೇ ಪದೇ ನೋಡುವುದು ತೆರೆದ ಕಡಲಿನ ಅಲೆ ಬಡಿಯುವಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅಲ್ಲಿ ಅದು ಬದುಕುವುದಿಲ್ಲ. ಕಾಂಡ್ಲಾ ಬೇಕಾದದ್ದು ಕೆಸರಿನ, ಅಲೆ ಇಲ್ಲದ ಜಾಗಕ್ಕೆ. ಶಿರಿಯಾ, ಕುಂಬಳೆ, ಮೊಗ್ರಾಲಿನ ಹೊಳೆಬದಿ ಅದಕ್ಕೆ ಸರಿ. ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ ಕಲ್ಲೇನ್ ಪೊಕ್ಕುಡನ್ ಜೀವಮಾನವಿಡೀ ಕಾಂಡ್ಲಾ ನೆಟ್ಟದ್ದೂ ಹೊಳೆಯ ಬದಿಯಲ್ಲೇ. ದಡದ ದಿಬ್ಬಕ್ಕೆ ಅಡುಂಬು ಬಳ್ಳಿ, ಕೇದಗೆ ಒಳ್ಳೆಯದು. ಹೊಯ್ಗೆ ಹಿಡಿದಿಡುತ್ತವೆ. ಗಾಳಿಮರ ಗಾಳಿ ತಡೆಯುತ್ತದೆ, ಬುಡ ಕೊರೆದರೆ ಮೊದಲು ಬೀಳುವುದೂ ಅದೇ. ಹೊಯ್ಗೆಯೇ ಬಾರದ ತೀರದಲ್ಲಿ ಯಾವ ಗಿಡವೂ ಒಂಟಿಯಾಗಿ ಗೆಲ್ಲುವುದಿಲ್ಲ.

ನಿಮ್ಮ ಪ್ರೊಫೆಸರ್ ಹೇಳುವ ಸ್ಥಳಾಂತರಕ್ಕೆ ಕೇರಳದಲ್ಲಿ ಯೋಜನೆಯೇ ಇದೆ, ಪುನರ್ಗೇಹಂ. ಉಬ್ಬರದ ಗೆರೆಯಿಂದ 50 ಮೀಟರಿನೊಳಗಿರುವ ಮೀನುಗಾರ ಕುಟುಂಬಕ್ಕೆ ಜಾಗ ಮತ್ತು ಮನೆಗೆ ಸೇರಿ 10 ಲಕ್ಷ ರೂಪಾಯಿ ಎಂದು ಅದು ಶುರುವಾಯಿತು. ಅದರಲ್ಲಿ 6 ಲಕ್ಷ ಜಾಗಕ್ಕೆ, 4 ಲಕ್ಷ ಮನೆಗೆ. ಉಪ್ಪಳ ಪೇಟೆಯ ಹತ್ತಿರ ಸೆಂಟ್ಸಿಗೆ ಇವತ್ತು ಏನು ರೇಟಿದೆ ಎಂದು ಕೇಳಿ ನೋಡಿ, ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. ಕಡಿಮೆ ಬೆಲೆಗೆ ಸಿಗುವ ಜಾಗ ಗುಡ್ಡದ ಆಚೆ. ಬೆಳಗ್ಗೆ ಮೂರು ಗಂಟೆಗೆ ದೋಣಿಗೆ ಹೋಗುವವನು ಅಲ್ಲಿಂದ ಹೇಗೆ ಬರಬೇಕು? ಕಡಲಿನ ಬಣ್ಣ ನೋಡಿ ಇವತ್ತು ಹೋಗಬಹುದಾ ಎಂದು ತೀರ್ಮಾನಿಸುವವರು ಕಡಲು ಕಾಣದ ಜಾಗದಲ್ಲಿ ಏನು ಮಾಡಬೇಕು? ಮೀನು ಮಾರುವ ಹೆಂಗಸರ ದಿನವೇ ಬದಲಾಗುತ್ತದೆ. ಸುನಾಮಿ ಆದ ಮೇಲೆ ತಮಿಳುನಾಡು ಸರಕಾರ 2005ರಲ್ಲಿ 200 ಮೀಟರಿನೊಳಗಿನ ಮನೆಯವರಿಗೆ ಆಯ್ಕೆ ಕೊಟ್ಟಿತು. ಒಳಗೆ ಹೋದರೆ ಹೊಸ ಮನೆ. ಅಲ್ಲೇ ಉಳಿದರೆ ಸ್ವಂತ ಖರ್ಚಿನಲ್ಲಿ ರಿಪೇರಿ, ಸರಕಾರದ ನೆರವಿಲ್ಲ. ಕಾಗದದ ಮೇಲೆ ಅದು ಆಯ್ಕೆ, ಬಡವರ ಪಾಲಿಗೆ ಅಲ್ಲ. ನೀವು ಸ್ಥಳಾಂತರ ಸೂಚಿಸುವುದಾದರೆ ನಡೆದು ಹೋಗುವಷ್ಟು ದೂರದಲ್ಲೇ ಜಾಗ ಹುಡುಕಿ ತೋರಿಸಿ. ದೋಣಿ, ಬಲೆ ಇಡುವ ಹಕ್ಕು ದಡದಲ್ಲೇ ಉಳಿಯಬೇಕು ಎಂದು ಬರೆಯಿರಿ. ಖಾಲಿಯಾದ ತೀರ ಮುಂದೆ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೂ ಉತ್ತರ ಬೇಕು. ಮೀನುಗಾರರು ಬಿಟ್ಟ ಜಾಗದಲ್ಲಿ ರೆಸಾರ್ಟ್ ಬಂದರೆ ಅದಕ್ಕೆ ಹವಾಮಾನ ಹೊಂದಾಣಿಕೆ ಎಂಬ ಹೆಸರು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಅಕ್ಕನಿಗೆ ಏನು ಹೇಳಬೇಕು? ಮೊದಲು ಮನೆ ದಿಬ್ಬದ ಮೇಲಿದೆಯಾ, ತಗ್ಗಿನಲ್ಲಿದೆಯಾ, ಉಬ್ಬರದ ಗೆರೆಯಿಂದ ಎಷ್ಟು ಮೀಟರ್ ಎಂದು ಅಳೆಯಿರಿ. ಮಾಡಿನ ರಿಪೇರಿ, ಕರೆಂಟಿನ ಬೋರ್ಡು ಮೇಲಕ್ಕೆ ಹಾಕುವುದು, ಶೌಚದ ಗುಂಡಿ ಸರಿ ಮಾಡುವುದು, ಇವಕ್ಕೆ ಹೆದರಬೇಕಿಲ್ಲ. ಅನುಮತಿ ಇರುವ ಹಳೆಯ ಮನೆಯ ರಿಪೇರಿಗೆ ಕರಾವಳಿ ನಿಯಂತ್ರಣ ವಲಯದ ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ಮನೆ 50 ಮೀಟರಿನೊಳಗಿದ್ದು, ಮುಂದಿನ ತೀರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ, ದೊಡ್ಡ ಸಾಲ ಮಾಡಿ ಮೇಲೊಂದು ಮಾಳಿಗೆ ಎಬ್ಬಿಸುವುದು ಬೇಡ. ಸಾಲದ ಮೊದಲು ಪುನರ್ಗೇಹಂ ಪಟ್ಟಿಯಲ್ಲಿ ಹೆಸರಿದೆಯಾ ಎಂದು ಮೀನುಗಾರಿಕೆ ಇಲಾಖೆಯ ಮತ್ಸ್ಯಭವನದಲ್ಲಿ ಕೇಳಲಿ. 2019ರ ಕರಾವಳಿ ಅಧಿಸೂಚನೆಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವಲ್ಲಿ ಹೊಸದಾಗಿ ಕಟ್ಟಬಾರದ ಜಾಗ ಉಬ್ಬರದ ಗೆರೆಯಿಂದ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್. ಅವರ ಊರು ಯಾವ ವರ್ಗದಲ್ಲಿದೆ ಎಂಬುದನ್ನು ಮಂಗಲ್ಪಾಡಿ ಪಂಚಾಯತಿನಲ್ಲಿ ನಕ್ಷೆ ನೋಡಿ ನೀವೇ ತಿಳಿದು ಹೇಳಿ. ಕಚೇರಿಯ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕನ್ನಡ, ತುಳು ಬಲ್ಲವರಿಗೆ ಅದನ್ನು ಓದಿ ವಿವರಿಸುವುದೇ ಒಂದು ಸಹಾಯ.

ಜ್ಯೂರಿಗೆ ಏನು ಒಯ್ಯಬೇಕು ಎಂದಿದ್ದೀರಿ. 2050ರ ಚಂದದ ಬಣ್ಣದ ಚಿತ್ರ ಬೇಡ. ಕಡಲಿನಿಂದ ಹೆದ್ದಾರಿಯವರೆಗೆ ಮೂರು ಸೆಕ್ಷನ್ (ನೆಲವನ್ನು ಅಡ್ಡ ಸೀಳಿದಂತೆ ತೋರಿಸುವ ಚಿತ್ರ) ಬರೆಯಿರಿ: ಬಂದರಿನ ಹತ್ತಿರ ಒಂದು, ಕೊರೆತ ಜೋರಿರುವಲ್ಲಿ ಒಂದು, ಶಿರಿಯಾ ಅಳಿವೆಯ ಕಡೆ ಒಂದು. ನಮ್ಮ ನೆಲದ ಏರಿಳಿತ ಸಣ್ಣದು. ಹಾಗಾಗಿ ಎತ್ತರದ ಅಳತೆಯನ್ನು ಉದ್ದದ ಅಳತೆಗಿಂತ ಹತ್ತು ಪಟ್ಟು ಹಿಗ್ಗಿಸಿ, ಇಲ್ಲದಿದ್ದರೆ ಗೆರೆ ಚಪ್ಪಟೆ ಕಾಣುತ್ತದೆ. ಎತ್ತರ ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಮೇಸ್ತ್ರಿಗಳು ಬಳಸುವ, ನೀರು ತುಂಬಿದ ಲೆವೆಲ್ ಪೈಪು ಸಾಕು. ಜಾಗ್ರತೆಯಿಂದ ಹಿಡಿದರೆ ಸೆಂಟಿಮೀಟರ್ ಲೆಕ್ಕದಲ್ಲಿ ಸರಿ ಬರುತ್ತದೆ. ದಡ ಎಷ್ಟು ಹಿಂದೆ ಸರಿಯುತ್ತದೆ ಎಂದು ಹೇಳಲು ಪಠ್ಯದಲ್ಲಿ ಬ್ರೂನ್ ಸೂತ್ರ ಸಿಗುತ್ತದೆ. ಇಲ್ಲಿ ಅದನ್ನು ಹಾಕಬೇಡಿ. ಹೊಯ್ಗೆ ಪಕ್ಕಕ್ಕೆ ಸಾಗುವುದೇ ಇಲ್ಲ ಎಂದು ಹಿಡಿದು ಮಾಡಿದ ಸೂತ್ರ ಅದು. ನಿಮ್ಮ ಜಾಗದ ಕತೆಯೆಲ್ಲ ಇರುವುದೇ ಆ ಸಾಗಾಟದಲ್ಲಿ.

ಆ ಸೆಕ್ಷನ್‌ಗಳ ಮೇಲೆ ಹಂತಗಳನ್ನು ಬರೆಯಿರಿ. ಮಾರ್ಚ್ ತಿಂಗಳಲ್ಲಿ ದಿಬ್ಬದ ಅಂಚಿನಿಂದ ಮನೆಗೆ ಇಷ್ಟು ದೂರ ಇದ್ದಾಗ ಹೊಯ್ಗೆ ತುಂಬುವುದು, ಇನ್ನೂ ಕಡಿಮೆಯಾದರೆ ತಾತ್ಕಾಲಿಕ ರಕ್ಷಣೆ, ಅದಕ್ಕಿಂತ ಕಡಿಮೆಯಾದರೆ ಮೊದಲೇ ಗೊತ್ತು ಮಾಡಿದ ಜಾಗಕ್ಕೆ ಮನೆ. ಆ ದೂರ ಎಷ್ಟು ಎಂಬುದನ್ನು ನೀವು ಬೆಂಗಳೂರಿನಲ್ಲಿ ಕುಳಿತು ನಿರ್ಧರಿಸಬೇಡಿ. ಗಂಡಸರು ದೋಣಿಯಿಂದ ಬಂದು ಮಲಗಿ ಎದ್ದ ಮೇಲೆ, ಹೆಂಗಸರು ಮಾರುಕಟ್ಟೆಯಿಂದ ಮರಳಿದ ಮೇಲೆ ಕೂತು ಮಾತಾಡಿ. ಬ್ಯಾರಿ, ಮಲಯಾಳ ಮಾತಾಡುವ ಮನೆಗಳೂ ಇವೆ, ಅವರನ್ನು ಬಿಡಬೇಡಿ. ಕೊನೆಯ ಹಾಳೆಗಳ ಒಂದು ಪ್ರತಿಯನ್ನು ಕನ್ನಡ ಮತ್ತು ಮಲಯಾಳದಲ್ಲಿ ಬರೆದು ಪಂಚಾಯತಿಗೆ ಕೊಡಿ.

ಭೇಟಿಯ ವಾರವನ್ನು ಅಮಾವಾಸ್ಯೆ ಅಥವಾ ಹುಣ್ಣಿಮೆ ಬರುವಂತೆ ನೋಡಿಕೊಳ್ಳಿ. ಉಬ್ಬರ ಜೋರಿರುವುದು ಆಗಲೇ. ಉಬ್ಬರದ ಹೊತ್ತಿಗೆ ಮುಂದಿನ ದಡ ನೋಡಲು ಇಬ್ಬರು ಸಾಕು, ಉಳಿದವರು ಹಿಂದಿನ ತೋಡಿಗೆ ಹೋಗಲಿ. ಮೋರಿಯಲ್ಲಿ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ, ಎಷ್ಟು ಹೊತ್ತಿಗೆ ತಿರುಗಿತು ಎಂದು ಬರೆದುಕೊಳ್ಳಿ. ನೀರಿನಲ್ಲಿ ಕರಗಿದ ಉಪ್ಪು-ಖನಿಜ ಎಷ್ಟು ಎಂದು ತೋರಿಸುವ ಟಿಡಿಎಸ್ ಮೀಟರ್ ಒಂದು ಜೊತೆಗಿರಲಿ. ಉಬ್ಬರದಲ್ಲೂ ಇಳಿತದಲ್ಲೂ ಅದೇ ಬಾವಿಗಳ ನೀರು ಅಳೆಯಿರಿ, ಯಾರ ಮನೆಯಲ್ಲಿ ಪಂಪು ಇದೆ ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿ.